ಬಾಯಿ ಬಿಡಿಸಿದ ಮೇಷ್ಟ್ರು

ಆ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ಉದ್ದನೆಯ ಮೇಜು. ಅದರ ಸುತ್ತ ಗಣಿತ, ವಿಜ್ಞಾನ, ಭಾಷೆ, ಚರಿತ್ರೆಯವರಿಗೆಲ್ಲ ಅವರವರ ಕುರ್ಚಿ. ಆಟದ ಮೇಷ್ಟ್ರಿಗೆ ಮಾತ್ರ ಬಾಗಿಲ ಪಕ್ಕದಲ್ಲೊಂದು ಸ್ಟೂಲು. "ನಿಮಗ್ಯಾಕ್ರೀ ಕುರ್ಚಿ, ನೀವು ನಿಂತ್ಕೊಂಡೇ ಸಂಬಳ ತಗೊಳ್ಳೋರು" ಎಂದು ವಿಜ್ಞಾನದ ಮೇಷ್ಟ್ರು ಯಾವತ್ತೋ ಆಡಿದ ತಮಾಷೆ ಹಾಗೇ ಗಟ್ಟಿಯಾಗಿ ಏರ್ಪಾಡೇ ಆಗಿಬಿಟ್ಟಿತ್ತು. ವಿಜ್ಞಾನದವರಿಗೆ ಮಕ್ಕಳು ಆಸಿಡ್ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆಟದ ಮೇಷ್ಟ್ರಿಗೆ ಇದ್ದ ಹೆಸರು ಸೀಟಿ. ಕೊರಳಲ್ಲಿ ನೇತಾಡುವ ಸೀಟಿಯನ್ನು ಅವರು ಒಮ್ಮೆ ಊದಿದರೆ ಇಡೀ ಮೈದಾನ ತೆಪ್ಪಗಾಗುತ್ತಿತ್ತು. ಆ ದರ್ಬಾರು ಮೈದಾನದಲ್ಲಿ ಮಾತ್ರ. ಕಟ್ಟಡದ ಮೆಟ್ಟಿಲು ಹತ್ತಿದರೆ ಅವರು ಪಾಠವಿಲ್ಲದ ಮೇಷ್ಟ್ರು. ಪರೀಕ್ಷೆ ಹತ್ತಿರ ಬಂದಂತೆ ಅವರ ಪೀರಿಯಡ್ಡುಗಳನ್ನು ಒಬ್ಬೊಬ್ಬರೇ ಎತ್ತಿಕೊಂಡು ಹೋಗುತ್ತಿದ್ದರು, ಕೇಳುವ ಶಾಸ್ತ್ರವೂ ಇಲ್ಲದೆ, ಪಕ್ಕದ ಮನೆಯ ಏಣಿ ಎತ್ತಿಕೊಂಡು ಹೋಗುವ ಹಾಗೆ. ಮೇಷ್ಟ್ರು ಹರೆಯದಲ್ಲಿ ಹರ್ಡಲ್ಸ್ ಓಡಿದವರು, ಮಂಡಿ ಕೈಕೊಟ್ಟ ಮೇಲೆ ಬೇರೆಯವರನ್ನು ಓಡಿಸುವ ಕೆಲಸಕ್ಕೆ ಬಂದವರು. ಅವರ ಅಪ್ಪ ಕಾರ್ಖಾನೆಯ ಗೇಟು ಕಾಯುತ್ತಿದ್ದರು. "ನೀನಾದ್ರೂ ಒಳಗೆ ಕೂತು ಕೆಲಸ ಮಾಡೋನಾಗು" ಎಂದು ಹೇಳುತ್ತಲೇ ಹೋಗಿಬಿಟ್ಟರು. ಮಗ ಬಿಸಿಲಲ್ಲೇ ಉಳಿದ.

ಮೈದಾನದಲ್ಲಿ ಅವರದೊಂದು ಪದ್ಧತಿ ಇತ್ತು. ಹೈಜಂಪಿನ ಕೋಲಿನ ಮುಂದೆ ಕಾಲು ಕಿತ್ತಿಡಲಾಗದೆ ನಿಂತ ಮಗುವನ್ನು ಅವರು ಬೈಯುತ್ತಿರಲಿಲ್ಲ. ಉಳಿದವರನ್ನು ಎರಡೂ ಕಡೆ ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದರು. ಮೊದಲು ನಿಧಾನ, ಆಮೇಲೆ ಬಿರುಸು, ಕೊನೆಗೆ ಎದೆಬಡಿತವನ್ನೇ ಎಳೆದುಕೊಂಡು ಹೋಗುವಷ್ಟು ಜೋರು. ಮಗು ಬೇರೆ ದಾರಿ ಕಾಣದೆ ಓಡುತ್ತಿತ್ತು, ಹಾರುತ್ತಿತ್ತು, ಆಚೆ ಬಿದ್ದು ನಗುತ್ತಿತ್ತು. ಹಾಗೆ ಹಾರಿದವರು ದೊಡ್ಡವರಾಗಿ ಬೀದಿಯಲ್ಲಿ ಸಿಕ್ಕಾಗ, "ಸಾರ್, ಆ ಚಪ್ಪಾಳೆ ಇನ್ನೂ ಕಿವೀಲಿದೆ" ಎನ್ನುತ್ತಿದ್ದರು. ಹಾರಲಾಗದೆ ಕೋಲಿಗೆ ಸಿಕ್ಕಿ ಬಿದ್ದವರು ಮೇಷ್ಟ್ರನ್ನು ದೂರದಲ್ಲೇ ಕಂಡು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಅದನ್ನು ಮೇಷ್ಟ್ರು ಗಮನಿಸಿರಲಿಲ್ಲ.

ಆ ವರ್ಷ ಒಂಬತ್ತನೇ ತರಗತಿಯಲ್ಲಿ ಹುಡುಗಿಯೊಬ್ಬಳು ಮಾತು ನಿಲ್ಲಿಸಿದಳು. ಅವಳ ಅಪ್ಪನದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ. ಅಲ್ಲಿಗೆ ಬಟ್ಟೆ ತರುತ್ತಿದ್ದ ಗಿರಾಕಿಯೊಬ್ಬನ ಜೊತೆ ಅವಳ ಅಮ್ಮ ಊರು ಬಿಟ್ಟು ಹೋಗಿದ್ದಳು. "ಬಟ್ಟೆ ಜೊತೆ ಹೆಂಡ್ತೀನೂ ಮಡಿಸಿ ಕೊಟ್ಟುಕಳಿಸಿದ" ಎಂದು ಬೀದಿ ನಕ್ಕಿತು. ದೊಡ್ಡವರು ಮನೆಯಲ್ಲಿ ನಕ್ಕದ್ದನ್ನು ಮಕ್ಕಳು ಊಟದ ಡಬ್ಬಿಯ ಜೊತೆಗೇ ತರಗತಿಗೆ ತಂದರು. ಅವತ್ತಿನಿಂದ ಹುಡುಗಿ ಶಾಲೆಯಲ್ಲಿ ತುಟಿ ಬಿಚ್ಚಲಿಲ್ಲ. ಹಾಜರಿ ಕೂಗಿದರೆ ಎದ್ದು ನಿಲ್ಲುತ್ತಿದ್ದಳು, ಕೂರುತ್ತಿದ್ದಳು. ಮಕ್ಕಳು ಅವಳಿಗೆ ಮ್ಯೂಟ್ ಎಂದು ಹೆಸರಿಟ್ಟರು. ಶಿಕ್ಷಕರು ಹೆಸರಿಡಲಿಲ್ಲ. ಅವಳ ಕಡೆ ಪ್ರಶ್ನೆ ಎಸೆಯುವುದನ್ನು ಬಿಟ್ಟರು, ಅಷ್ಟೆ. "ನಾನೇನು ಡಾಕ್ಟರಾ, ನಂಗ್ಯಾಕೆ ಇಲ್ಲದ ಉಸಾಬರಿ" ಎಂದು ಒಬ್ಬರು ಅಂದದ್ದನ್ನೇ ಎಲ್ಲರೂ ತಮ್ಮ ತಮ್ಮ ಮಾತಿನಲ್ಲಿ ಅಂದರು.

ಒಂದು ದಿನ ಆಟದ ಪೀರಿಯಡ್ಡಿನಲ್ಲಿ ಅವಳು ಸಾಲಿನಲ್ಲಿ ನಿಲ್ಲದೆ ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಮೇಷ್ಟ್ರು ಚೆಂಡಿಗೆ ಗಾಳಿ ಹೊಡೆಯುತ್ತಿದ್ದರು. ತಲೆಯೆತ್ತಿ ನೋಡಿ, ಮೂಲೆಯಲ್ಲಿ ಗೋಜಲಾಗಿ ಬಿದ್ದಿದ್ದ ಹಗ್ಗಗಳ ರಾಶಿ ತೋರಿಸಿ, "ಬಿಡಿಸ್ತೀಯೇನಮ್ಮ?" ಎಂದರು. ಅವಳು ಚಾಪೆಗಳ ಮೇಲೆ ಕೂತು ಬಿಡಿಸತೊಡಗಿದಳು. ಮುಂದಿನ ಆಟದ ಪೀರಿಯಡ್ಡಿಗೂ ಬಂದಳು. ಮೇಷ್ಟ್ರು ಏನೂ ಕೇಳಲಿಲ್ಲ. ಕೇಳಬಾರದೆಂದು ಕೇಳದೆ ಇದ್ದದ್ದಲ್ಲ. ಏನು ಕೇಳಬೇಕೋ ಅವರಿಗೆ ತೋಚಿರಲಿಲ್ಲ. ತಮ್ಮ ಪಾಡಿಗೆ ತಾವು ಚೆಂಡಿನ ಚರ್ಮವನ್ನು, ಪಂಪನ್ನು, ತಮ್ಮ ಮಂಡಿಯನ್ನು ಬೈದುಕೊಳ್ಳುತ್ತಿದ್ದರು. ಕೋಣೆಯಲ್ಲಿ ಧೂಳು, ರಬ್ಬರು, ಹಳೆಯ ಬೆವರಿನ ವಾಸನೆ. ಎತ್ತರದ ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟೆ ಹುಡುಗಿಯ ಮಡಿಲಿನವರೆಗೆ ಬಂದು ಹಿಂದೆ ಸರಿಯುತ್ತಿತ್ತು.

ಹಾಗೇ ಕೆಲವು ವಾರ ಕಳೆದ ಮೇಲೊಂದು ದಿನ ಅವಳು ಅಂದಳು:

"ಸೂಜಿ ಡೊಂಕಾಗಿದೆ ಸಾರ್."

"ಹೌದಲ್ಲ" ಎಂದು ಮೇಷ್ಟ್ರು ಪಂಪಿನ ಸೂಜಿ ಬದಲಾಯಿಸಿದರು. ಸಂಜೆ ಗೇಟು ದಾಟಿ, ಸೈಕಲ್ಲಿನ ಮೇಲೆ ಅರ್ಧ ದಾರಿ ಹೋದ ಮೇಲೆ, ಆ ಮಾತು ಆಡಿದ್ದು ಯಾರು ಎಂದು ಹೊಳೆದು ಬ್ರೇಕು ಹಾಕಿ ನಿಂತುಬಿಟ್ಟರು. ಹಿಂದಿನ ಸ್ಕೂಟರಿನವನು ಬೈದು ಮುಂದೆ ಹೋದ.

ಆಮೇಲೆ ಮಾತು ತುಣುಕು ತುಣುಕಾಗಿ ಬಂತು. ಹಗ್ಗದ ವಿಷಯ, ಬೆಕ್ಕಿನ ವಿಷಯ. ಒಂದು ದಿನ, ಮಡಿಲಿನ ಗಂಟಿನಿಂದ ಕಣ್ಣೆತ್ತದೆ ಅಂದಳು: "ಅಮ್ಮ ಫೋನ್ ಮಾಡ್ತಾರೆ ಸಾರ್. ಅಪ್ಪ ಗಿರಾಕಿ ಮನೆಗೆ ಬಟ್ಟೆ ಕೊಡೋಕೆ ಹೋದಾಗ. ಅಪ್ಪಂಗೆ ಹೇಳಿಲ್ಲ."

"ಹೂಂ" ಎಂದರು ಮೇಷ್ಟ್ರು.

ಆ "ಹೂಂ"ನಲ್ಲೇ ಅವರು ನಿಂತಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಅದೇ ಹೊತ್ತಿಗೆ ಮೇಲಿನಿಂದ ಒಂದು ಆದೇಶ ಬಂತು: ಮಕ್ಕಳ ಮನಸ್ಸಿನ ಆರೋಗ್ಯ ನೋಡಿಕೊಳ್ಳಲು ಪ್ರತಿ ಶಾಲೆಯಿಂದಲೂ ಒಬ್ಬರನ್ನು ತರಬೇತಿಗೆ ಕಳಿಸಬೇಕು. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಮೇಜಿನ ಸುತ್ತ ಒಂದು ಸಲ ಕಣ್ಣಾಡಿಸಿದರು. ಒಬ್ಬರಿಗೆ ಪೋರ್ಷನ್ ಮುಗಿದಿಲ್ಲ, ಇನ್ನೊಬ್ಬರಿಗೆ ತಂಗಿ ಮಗುವಿನ ನಾಮಕರಣದ ನೆಪ. ಕಣ್ಣು ಕೊನೆಗೆ ಸ್ಟೂಲಿನ ಮೇಲೆ ಬಂದು ನಿಂತಿತು.

"ನೀವು ಹೋಗಿ ಬನ್ನಿ ಸಾರ್. ನಿಮ್ಮಿಂದ ಯಾವ ಪಾಠಾನೂ ಹಿಂದೆ ಬೀಳಲ್ಲ."

ತರಬೇತಿ ನಡೆದದ್ದು ಹೋಟೆಲೊಂದರ ತಂಪು ಹಾಲಿನಲ್ಲಿ. ಮೇಷ್ಟ್ರಿಗೆ ಬೆನ್ನಿಗೆ ದಿಂಬಿರುವ ಕುರ್ಚಿ ಸಿಕ್ಕಿತು. ಚುರುಕಾದ ತರುಣಿಯೊಬ್ಬಳು ಮೈಕು ಹಿಡಿದು, "ಮಕ್ಕಳ ಮನಸ್ಸಿನ ವಿಷಯಕ್ಕೆ ಕೈಹಾಕೋ ಧೈರ್ಯ ನಿಮ್ಮಲ್ಲಿ ಎಷ್ಟು ಜನಕ್ಕಿದೆ?" ಎಂದಾಗ ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಮೇಷ್ಟ್ರ ಕೈ ತೊಡೆಯ ಮೇಲೇ ಇತ್ತು. ಪರದೆಯ ಮೇಲೆ ಚಿತ್ರಗಳು ಬಂದವು, ಹೋದವು. ಗುಂಪು ಮಾಡಿ ನಾಟಕ ಆಡಿಸಿದರು. ಮೇಷ್ಟ್ರಿಗೆ ಮಾತಾಡದ ಮಗುವಿನ ಶಿಕ್ಷಕನ ಪಾತ್ರ ಬಂತು. ತಮ್ಮ ಸಾಮಾನಿನ ಕೋಣೆಯಲ್ಲಿ ಮಾಡಿದ್ದನ್ನೇ ಮಾಡಿದರು. "ನೋಡಿ, ಇವರು ಹುಟ್ಟಾ ಆಪ್ತ ಸಲಹೆಗಾರರು" ಎಂದಳು ತರುಣಿ. ಹಾಲು ಇವರ ಕಡೆ ತಿರುಗಿತು. ಕಡೆಯ ವಿಷಯ, ಮಗು ನಂಬಿ ಹೇಳಿದ್ದನ್ನು ಹೇಗೆ ಕಾಪಾಡುವುದು ಅನ್ನುವುದು. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. "ಇದು ನಿಮಗೆಲ್ಲ ಗೊತ್ತಿರೋದೇ" ಎಂದು ಅವಳು ಆ ಚಿತ್ರಗಳನ್ನು ಸರಸರನೆ ದಾಟಿಸಿ ಮತ್ತೆ ಕೇಳಿದಳು: "ಈಗ ಎಷ್ಟು ಜನಕ್ಕೆ ಧೈರ್ಯ ಇದೆ?"

ಎಲ್ಲರ ಕೈಗಳೂ ಎದ್ದವು. ಕವಾಯತಿನ ಕೈ ಅಲ್ಲವೇ, ಮೇಷ್ಟ್ರದೇ ಎಲ್ಲಕ್ಕಿಂತ ನೆಟ್ಟಗಿತ್ತು.

ಹಿಂತಿರುಗಿದ ಮೇಲೆ ಅವರ ನಡಿಗೆಯೇ ಬದಲಾಗಿತ್ತು. ಮಕ್ಕಳು ಸಾಲಿನಲ್ಲಿ ಆಕಳಿಸಿದರೆ ಅದು ಬರೀ ಆಕಳಿಕೆ ಅನಿಸುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಗೆ, "ನಿನ್ನ ಸಿಟ್ಟಿನ ಹಿಂದೆ ಒಂದು ದುಃಖ ಇದೆ" ಎಂದರು. ಆಕೆ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ದಿನವಿಡೀ ಬೇರೆಯವರ ಬಾಯೊಳಗೆ ದೀಪ ಹಿಡಿದು ನಿಂತು ಮನೆಗೆ ಬಂದವಳು.

"ನನ್ನ ಸಿಟ್ಟಿನ ಹಿಂದೆ ತೊಳೀದ ಪಾತ್ರೆ ಇದೆ ರೀ" ಎಂದಳು. "ಮೊದಲು ಅದನ್ನ ನೋಡಿ."

ಸ್ಟಾಫ್ ರೂಮಿನಲ್ಲಿ ಆಸಿಡ್ ಟೀ ಲೋಟ ಹಿಡಿದು ಕಾದೇ ಇದ್ದರು.

"ಬನ್ನಿ ಬನ್ನಿ, ಮನಸ್ಸಿನ ಮೆಕ್ಯಾನಿಕ್. ಎಷ್ಟು ಗಾಡಿ ರಿಪೇರಿ ಆಯ್ತು?"

ಒಂದಿಬ್ಬರು ನಕ್ಕರು. ಬೇರೆ ದಿನವಾಗಿದ್ದರೆ ಮೇಷ್ಟ್ರೂ ನಕ್ಕು ಸುಮ್ಮನಾಗುತ್ತಿದ್ದರು.

"ಒಂಬತ್ತನೇ ಕ್ಲಾಸಿನ ಆ ಹುಡುಗಿ ಇದ್ದಾಳಲ್ಲ ಸಾರ್" ಎಂದರು. "ನೀವೆಲ್ಲ ಕೈಬಿಟ್ಟವಳು. ನನ್ನ ಹತ್ರ ಮಾತಾಡ್ತಾಳೆ."

"ಸೀಟೀಲಿ ಮಾತಾಡ್ತಾಳೋ, ಬಾಯಲ್ಲೋ?"

"ಬಾಯಲ್ಲೇ. ಯಾರಿಗೂ ಹೇಳದ್ದನ್ನ ನನಗೆ ಹೇಳ್ತಾಳೆ. ಅವಳ ಅಮ್ಮ ಈಗ್ಲೂ ಫೋನ್ ಮಾಡ್ತಾಳೆ, ಅಪ್ಪಂಗೇ ಗೊತ್ತಿಲ್ಲ, ನನಗೆ ಗೊತ್ತು."

ಲೋಟಗಳು ನಿಂತವು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಉದ್ದನೆಯ ಮೇಜು ಪೂರ್ತಿಯಾಗಿ ಬಾಗಿಲ ಕಡೆ ತಿರುಗಿತ್ತು. ಚರಿತ್ರೆಯ ಮೇಡಂ, "ಕೂತ್ಕೊಳ್ಳಿ ಸಾರ್, ನಿಂತೇ ಇದ್ದೀರಲ್ಲ" ಎಂದು ತಮ್ಮ ಪಕ್ಕದ ಖಾಲಿ ಕುರ್ಚಿ ಎಳೆದುಕೊಟ್ಟರು. ಮೇಷ್ಟ್ರು ಕೂತರು. ಆ ಕುರ್ಚಿ ಎಷ್ಟು ಹಿತವಾಗಿತ್ತೆಂದರೆ ತಾವೇನು ಕೊಟ್ಟು ಅದನ್ನು ಕೊಂಡೆವೆಂದು ಅವರಿಗೆ ಹೊಳೆಯಲೇ ಇಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ದೊಡ್ಡ ಮೇಡಂ ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆದರು. ತರಬೇತಿಯಿಂದ ಏನು ಉಪಯೋಗವಾಯಿತೆಂದು ನೋಡಲು ಮುಂದಿನ ವಾರ ಅಧಿಕಾರಿಗಳು ಬರುವವರಿದ್ದರು.

"ಅವತ್ತು ಬೆಳಗ್ಗೆ ಎಲ್ಲ ಮಕ್ಕಳ ಮುಂದೆ ಆ ಹುಡುಗಿ ಮೈಕಿನಲ್ಲಿ ಒಂದು ಮಾತು ಆಡ್ಲಿ ಸಾಕು. ಆಗುತ್ತಾ?"

ಆಗುವುದಿಲ್ಲ ಎನ್ನಲು ಅಲ್ಲಿ ಅವಕಾಶವಿತ್ತು. ಮೇಷ್ಟ್ರು ಕಿಟಕಿಯಾಚೆ ಮೈದಾನ ನೋಡಿದರು. ಹೈಜಂಪಿನ ಕಂಬಗಳು ಬಿಸಿಲಲ್ಲಿ ನಿಂತಿದ್ದವು.

"ಆಗುತ್ತೆ ಮೇಡಂ. ನನ್ನದೊಂದು ವಿಧಾನ ಇದೆ."

ಸಂಜೆ ಹೆಂಡತಿಗೆ ಹೇಳಿಕೊಂಡರು. ಆಕೆ ಒಗೆದ ಬಟ್ಟೆ ಕೊಡವುತ್ತ ಕೇಳಿದಳು: "ಆ ಹುಡುಗೀನ ಕೇಳಿದ್ರಾ?"

"ಕೇಳಿದ್ರೆ ಹೆದರ್ಕೊಳ್ತಾಳೆ ಕಣೇ. ಹೈಜಂಪಿಗೆ ಯಾರನ್ನ ಕೇಳಿ ಹಾರಿಸಿದ್ದೀನಿ? ಒಂದ್ಸಲ ಬಾಯಿ ಬಿಟ್ಟರೆ ಆಮೇಲೆ ಸರಾಗ."

"ಬಾಯಿ ಬಿಡಿಸೋದು ನಮ್ಮ ಡಾಕ್ಟರ್ ಕಸುಬು. ಅವರೂ ಮೊದಲು ಮರಗಟ್ಟಿಸ್ತಾರೆ, ಆಮೇಲೆ ಕೈಹಾಕ್ತಾರೆ. ನೀವು ಸೀದಾ ಇಕ್ಕಳ ತಗೊಂಡು ಹೊರಟಿದ್ದೀರಲ್ಲ."

"ನಿನಗೆ ಇದೆಲ್ಲ ತಿಳಿಯಲ್ಲ ಬಿಡು" ಎಂದರು ಮೇಷ್ಟ್ರು. ತರಬೇತಿಗೆ ಮುಂಚೆ ಅವರು ಹೆಂಡತಿಗೆ ಹಾಗೆ ಅಂದವರಲ್ಲ.

ಆ ವಾರ ಹುಡುಗಿ ಸಾಮಾನಿನ ಕೋಣೆಗೆ ಬಂದಳು, ಆದರೆ ಮಾತು ಮತ್ತೆ ನಿಂತಿತ್ತು. ಮೇಷ್ಟ್ರು ಚೆಂಡು ಪಕ್ಕಕ್ಕಿಟ್ಟು, ಕಲಿತುಬಂದ ಹಾಗೆ ಅವಳ ಎತ್ತರಕ್ಕೆ ಕೂತು, "ಏನನ್ನಿಸ್ತಿದೆ ಹೇಳಮ್ಮ, ನಾನು ಕೇಳ್ತಿದ್ದೀನಿ" ಎಂದರು. ಅವಳು ಅವರನ್ನು ನೋಡಿದ ರೀತಿ ವಿಚಿತ್ರವಾಗಿತ್ತು, ಪರಿಚಯದ ಮನೆಯ ಬಾಗಿಲು ತಟ್ಟಿ ಬೇರೆ ಯಾರೋ ತೆರೆದರೆ ನೋಡುವ ಹಾಗೆ. ಚೇತರಿಸಿಕೊಳ್ಳುವ ದಾರಿಯಲ್ಲಿ ಹಿಂದೆ ಜಾರುವುದೂ ಉಂಟು ಎಂದು ಪರದೆಯ ಮೇಲೆ ಬಂದಿತ್ತು. ಮೇಷ್ಟ್ರಿಗೆ ಅದು ನೆನಪಾಗಿ ಸಮಾಧಾನವಾಯಿತು. ಒಂದು ಒಳ್ಳೆಯ ನೂಕು ಬೇಕು, ಅಷ್ಟೆ.

ಅಧಿಕಾರಿಗಳು ಬಂದ ಬೆಳಿಗ್ಗೆ ಇಡೀ ಶಾಲೆ ಅಂಗಳದಲ್ಲಿ ಸಾಲುಗಟ್ಟಿತ್ತು. ದೊಡ್ಡ ಮೇಡಂ ಎರಡು ಮಾತಾಡಿ, "ನಮ್ಮ ವಿದ್ಯಾರ್ಥಿನಿಯೊಬ್ಬಳು ಈಗ ನಿಮ್ಮ ಮುಂದೆ ಮಾತಾಡ್ತಾಳೆ" ಎಂದರು. ಮೇಷ್ಟ್ರು ಸಾಲಿನೊಳಗೆ ಹೋಗಿ ಹುಡುಗಿಯ ತೋಳು ಹಿಡಿದು ಕರೆತಂದರು. ಮೆತ್ತಗೇ ಹಿಡಿದಿದ್ದರು. ಅವಳು ಎಳೆದುಕೊಳ್ಳಲಿಲ್ಲ; ಎಳೆದುಕೊಳ್ಳುವುದೂ ಒಂದು ಮಾತೇ ಅಲ್ಲವೇ. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಆಸಿಡ್ ಬಂದು ಅದನ್ನು ಬಾಯಿಯ ಮಟ್ಟಕ್ಕೆ ಇಳಿಸಿದರು. ಇಳಿಸುವಾಗ ಅದು ಕಿರ್ರೆಂದಿತು.

ಮೇಷ್ಟ್ರು ಕೈ ಎತ್ತಿ ಒಂದು ಚಪ್ಪಾಳೆ ತಟ್ಟಿದರು. ಮಕ್ಕಳಿಗೆ ಅದರ ಅರ್ಥ ಗೊತ್ತಿತ್ತು. ಅಂಗಳ ಪೂರ್ತಿ ಚಪ್ಪಾಳೆಗೆ ಇಳಿಯಿತು. ಮೊದಲು ನಿಧಾನ. ಹುಡುಗಿ ಮೈಕಿನ ಜಾಲರಿಯನ್ನು ನೋಡುತ್ತಿದ್ದಳು. ಆಮೇಲೆ ಬಿರುಸು. ಅಧಿಕಾರಿಗಳೂ ಮುಗುಳ್ನಕ್ಕು ಸೇರಿಕೊಂಡರು. ಸದ್ದು ಗೋಡೆಗಳಿಗೆ ಬಡಿದು ದುಪ್ಪಟ್ಟಾಗಿ ಅವಳ ಮೇಲೇ ಬೀಳುತ್ತಿತ್ತು. ಅವಳು ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತಿರುವುದನ್ನು ಮುಂದಿನ ಸಾಲಿನ ಚಿಕ್ಕವರು ಕಂಡು ಒಬ್ಬರನ್ನೊಬ್ಬರು ತಿವಿದುಕೊಂಡರು. ಮೇಷ್ಟ್ರು ಬಾಗಿ ಅವಳ ಕಿವಿಯಲ್ಲಿ ಅಂದರು:

"ಏನಾದ್ರೂ ಒಂದು ಹೇಳಿಬಿಡಮ್ಮ. 'ನಾನು ಚೆನ್ನಾಗಿದ್ದೀನಿ' ಅಂದ್ರೂ ಸಾಕು. ಅಷ್ಟು ಹೇಳಿದ್ರೆ ಎಲ್ಲ ನಿಲ್ಲುತ್ತೆ."

"ನಾನು ಚೆನ್ನಾಗಿದ್ದೀನಿ" ಎಂದಿತು ಮೈಕು.

ಅಂಗಳ ಹೋ ಎಂದಿತು. ಅಧಿಕಾರಿಗಳಲ್ಲೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದೊಡ್ಡ ಮೇಡಂ ಮೇಷ್ಟ್ರ ಕೈ ಕುಲುಕಿದರು. ಹುಡುಗಿ ಸಾಲಿಗೆ ಹಿಂತಿರುಗುವಾಗ ದಾರಿ ತಪ್ಪಿ ಎಂಟನೇ ತರಗತಿಯ ಸಾಲಿನಲ್ಲಿ ನಿಂತಳು. ಅಲ್ಲಿಂದ ಅವಳನ್ನು ಯಾರೋ ಈಚೆಗೆ ತಳ್ಳಿದರು.

ಮಾತು ಬಂದಿತ್ತು, ನಿಜ. ಆದರೆ ಬಂದದ್ದು ಅದೊಂದೇ. ಮಾರನೆಯ ದಿನ ತರಗತಿಯಲ್ಲಿ ಆಸಿಡ್, "ಈಗ ಬಾಯಿದೆಯಲ್ಲಮ್ಮ, ಎದ್ದು ಹೇಳು, ಗಾಳಿಯಲ್ಲಿ ಅತಿ ಹೆಚ್ಚು ಇರೋ ಅನಿಲ ಯಾವುದು?" ಎಂದರು.

ಅವಳು ಎದ್ದು, "ನಾನು ಚೆನ್ನಾಗಿದ್ದೀನಿ" ಎಂದಳು.

"ಅದು ಸರಿ ತಾಯಿ. ಗಾಳಿ ಹೇಗಿದೆ?"

"ನಾನು ಚೆನ್ನಾಗಿದ್ದೀನಿ."

ಬೆಂಚುಗಳು ನಗುವಿನಲ್ಲಿ ಅದುರಿದವು. ಗಣಿತದವರು ಲೆಕ್ಕ ಕೇಳಿದರೂ ಅದೇ, ಭಾಷೆಯವರು ಪದ್ಯ ಕೇಳಿದರೂ ಅದೇ, ಅದೇ ದನಿ, ಮೈಕಿನ ಮುಂದೆ ಆಡಿದ ಅದೇ ಚಪ್ಪಟೆ ದನಿ. ಕೇಳುವವರು ಕೇಳುವುದನ್ನು ನಿಲ್ಲಿಸಲಿ ಎಂದು ಅವಳು ಆ ಮಾತನ್ನು ಮುಂದೆ ಹಿಡಿಯುತ್ತಿದ್ದಳು. ಅವರಿಗೆ ಅದೇ ರುಚಿ ಹತ್ತಿಸಿತು. ಮ್ಯೂಟ್ ಹೋಗಿ ಅವಳ ಹೆಸರೇ ಚೆನ್ನಾಗಿದ್ದೀನಿ ಎಂದಾಯಿತು. ಮೈದಾನದಲ್ಲಿ ಹುಡುಗನೊಬ್ಬ ಬಿದ್ದು ಮೊಣಕೈ ಕಿತ್ತುಕೊಂಡಾಗ "ಏನಾಯ್ತೋ?" ಎಂದು ಮೇಷ್ಟ್ರು ಓಡಿದರೆ, ಅವನು ರಕ್ತ ಒರೆಸುತ್ತ ಅವಳ ದನಿಯಲ್ಲೇ "ನಾನು ಚೆನ್ನಾಗಿದ್ದೀನಿ" ಎಂದ. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಸ್ಟಾಫ್ ರೂಮಿನಲ್ಲೂ ಯಾರಾದರೂ ಟೀ ಹೇಗಿದೆ ಎಂದರೆ ಇನ್ಯಾರೋ ಆ ಮಾತು ಆಡಿ ಬಿಸ್ಕತ್ತು ಮುರಿಯುತ್ತಿದ್ದರು. ಮೊದಲ ಸಲ ಮೇಷ್ಟ್ರೂ ನಕ್ಕಿದ್ದರು. ಕುರ್ಚಿ ಸಿಕ್ಕಿದ್ದು ಈಚೆಗಷ್ಟೇ, ನಗದೆ ಇದ್ದರೆ ಹೇಗೆ.

ಹುಡುಗಿ ಸಾಮಾನಿನ ಕೋಣೆಗೆ ಬರುವುದನ್ನು ಬಿಟ್ಟಳು. ಸೀಟಿ ಊದಿದರೆ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದಳು; ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಒಂದು ದಿನ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದು, ಈ ಸಲ ಕಲಿತ ಮಾತನ್ನೆಲ್ಲ ಬಿಟ್ಟು, "ಯಾಕಮ್ಮ ಬರ್ತಿಲ್ಲ?" ಎಂದರು.

"ನಾನು ಚೆನ್ನಾಗಿದ್ದೀನಿ ಸಾರ್" ಎಂದಳು.

ಇಡೀ ಶಾಲೆಗೆ ಆ ಮಾತನ್ನು ಅವಳು ಎಸೆಯುತ್ತಿದ್ದಾಳೆ, ತಮಗೆ ಎಸೆಯಲಾರಳು ಎಂದು ಮೇಷ್ಟ್ರು ಒಳಗೊಂದು ನಂಬಿಕೆ ಇಟ್ಟುಕೊಂಡಿದ್ದರು.

ಆಮೇಲೆ ಅವಳು ಶಾಲೆಗೇ ಬರಲಿಲ್ಲ. ದೊಡ್ಡ ಮೇಡಂಗೆ ಅದು ಚಿಂತೆಯಾದದ್ದು ಅಧಿಕಾರಿಗಳಿಂದ ಫೋನ್ ಬಂದ ಮೇಲೆ. ಅವರು ಹುಡುಗಿಯ ಮಾತನ್ನು ವೀಡಿಯೋ ಮಾಡಿಕೊಳ್ಳಲು ಮತ್ತೆ ಬರುವವರಿದ್ದರು. ಸುತ್ತಮುತ್ತಲ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡಲು ಆಟದ ಮೇಷ್ಟ್ರನ್ನೇ ಕಳಿಸಬೇಕೆಂದೂ ಹೇಳಿದ್ದರು.

"ಹೋಗಿ ಕರ್ಕೊಂಡು ಬನ್ನಿ ಸಾರ್" ಎಂದರು ಮೇಡಂ. "ಇನ್ಮೇಲೆ ನೀವು ವೇದಿಕೆ ಮೇಲೆ ಕೂರೋರು."

ಮಧ್ಯಾಹ್ನದ ಹೊತ್ತು ಮೇಷ್ಟ್ರು ಇಸ್ತ್ರಿ ಅಂಗಡಿಗೆ ಹೋದರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಹುಡುಗಿಯ ಅಪ್ಪ ಬಿಳಿ ಅಂಗಿಯೊಂದರ ಕಾಲರಿಗೆ ನೀರು ಚಿಮುಕಿಸುತ್ತಿದ್ದ. ಸಣಕಲು ಆಳು, ತೋಳಿನ ತುಂಬ ಸುಟ್ಟ ಗೆರೆಗಳು. ಮೇಷ್ಟ್ರನ್ನು ಗುರುತು ಹಿಡಿದು ಸ್ಟ್ಯಾಂಡಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ.

"ಬನ್ನಿ ಸಾರ್. ಹುಡುಗಿ ಬಾಯಿ ಬಿಡಿಸಿದೋರು ನೀವೇ ಅಲ್ವಾ?"

ಅದು ಹೊಗಳಿಕೆಯೋ ಬೈಗುಳವೋ ಮೇಷ್ಟ್ರಿಗೆ ತಿಳಿಯಲಿಲ್ಲ. "ಸ್ಕೂಲಿಗೆ ಬರ್ತಿಲ್ಲ, ಅದಕ್ಕೇ ನೋಡ್ಕೊಂಡು ಹೋಗೋಣ ಅಂತ" ಎಂದರು.

"ಅವಳು ಸ್ಕೂಲಲ್ಲಿ ಮಾತಾಡಲ್ಲ ಅಂತ ನೀವೆಲ್ಲ ಅಂತಿದ್ರಿ. ನನಗೆ ನಂಬಿಕೆನೇ ಬರ್ತಿರಲಿಲ್ಲ ಸಾರ್. ಮನೇಲಿ ವಟವಟ ಅಂತ ತಲೆ ತಿನ್ತಿದ್ಲು. ನಾನು ಇಸ್ತ್ರಿ ಮಾಡ್ತಿದ್ರೆ ಪಕ್ಕದಲ್ಲಿ ಕೂತು, ಯಾರ ಬೆಕ್ಕು ಮರಿ ಹಾಕ್ತು, ಯಾರ ಪ್ಯಾಂಟಿನ ಜೇಬಲ್ಲಿ ಏನಿತ್ತು, ಎಲ್ಲ ವರದಿ ಒಪ್ಪಿಸೋಳು." ಅವನು ಕಾಲರನ್ನು ಬೆರಳಿನಿಂದ ನೇವರಿಸಿದ. "ಈಗ ಊಟ ಮಾಡಮ್ಮ ಅಂದ್ರೂ 'ನಾನು ಚೆನ್ನಾಗಿದ್ದೀನಿ.' ಜ್ವರ ಬಂದು ಮೈ ಸುಡ್ತಿತ್ತು ಸಾರ್, ಮೊನ್ನೆ. ಮುಟ್ಟಿದ್ರೆ 'ನಾನು ಚೆನ್ನಾಗಿದ್ದೀನಿ.' ನೀವೇ ತಾನೆ ಹೇಳಿಸಿದ್ದು? ನೀವೇ ನಿಲ್ಲಿಸಿಕೊಡಿ."

ಮೇಷ್ಟ್ರು ತುಟಿ ಒದ್ದೆ ಮಾಡಿಕೊಂಡರು. "ಹೇಗೆ ನಿಲ್ಲಿಸೋದು ಅಂತ..."

"ಕಲಿತುಕೊಂಡು ಬಂದಿದ್ದೀರಂತಲ್ಲ ಸಾರ್. ನಿಮ್ಮ ಸೈನ್ಸ್ ಮೇಷ್ಟ್ರು ಅಂಗಿ ತಗೊಂಡು ಹೋಗೋಕೆ ಬಂದಾಗ ಹೇಳಿದ್ರು. ಅವತ್ತೇ ಅಲ್ವಾ ಇನ್ನೊಂದು ಸಮಾಚಾರಾನೂ ಹೇಳಿದ್ದು: 'ಏನಯ್ಯಾ, ಹೆಂಡ್ತಿ ಇನ್ನೂ ಫೋನ್ ಮಾಡ್ತಾಳಂತೆ, ನಿನಗೇ ಗೊತ್ತಿಲ್ಲವಂತೆ.' ನಾಲ್ಕು ಜನ ಗಿರಾಕಿ ನಿಂತಿದ್ರು ಸಾರ್ ಇಲ್ಲಿ." ಅವನ ದನಿ ಏರಲಿಲ್ಲ. "ನಾನು ಮನುಷ್ಯ ತಾನೆ. ಒಳಗೆ ಹೋದೆ, ಮನೇಲಿಟ್ಟಿರೋ ಫೋನಿನ ಸಿಮ್ ತೆಗೆದು ಮುರಿದೆ. ಹುಡುಗಿ ನೋಡ್ತಾ ನಿಂತಿದ್ಲು. ಅವಳ ಅಮ್ಮನ ಹತ್ರ ಇದ್ದದ್ದು ಅದೊಂದೇ ನಂಬರು. ನನಗೆ ಅದು ಹೊಳೆದಿದ್ದು ಮುರಿದಾದ ಮೇಲೆ."

ಮೇಷ್ಟ್ರು ಹತ್ತಿರದ ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟರು. ಆ ವಾರ ಅವಳ ಮಾತು ಯಾಕೆ ನಿಂತಿತ್ತು ಎಂದು ಈಗ ತಿಳಿಯಿತು. ಹಿಂದೆ ಜಾರುವುದೂ ಉಂಟು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡದ್ದು ನೆನಪಾಯಿತು. ಅಮ್ಮನ ದನಿ ಕಳೆದುಕೊಂಡ ಮಗುವನ್ನು ಮೈಕಿನ ಮುಂದೆ ನಿಲ್ಲಿಸಿ, ಚೆನ್ನಾಗಿದ್ದೀನಿ ಎನ್ನಿಸಿದ್ದರು.

ಪರದೆ ಸರಿಯಿತು. ಹುಡುಗಿ ನೀರಿನ ಲೋಟ ಹಿಡಿದು ಬಂದಳು. ಮನೆಗೆ ಬಂದವರಿಗೆ ನೀರು ಕೊಡುವುದು ಅವಳ ಕೆಲಸವಿರಬೇಕು. ಯಾರು ಬಂದಿದ್ದಾರೆಂದು ನೋಡದೆ ತಂದಿದ್ದಳು. ನೋಡಿ ನಿಂತಳು.

"ಮೇಷ್ಟ್ರು ಬಂದಿದ್ದಾರೆ, ಏನಾದ್ರೂ ಹೇಳಮ್ಮ" ಎಂದ ಅಪ್ಪ.

ಮೇಷ್ಟ್ರು ಬೇಡವೆಂಬಂತೆ ಕೈ ಆಡಿಸಿದರು. ಆ ಒಂದು ವಾಕ್ಯ ಬರುತ್ತದೆಂದು ಕಾದು ನೆಲ ನೋಡುತ್ತ ಕೂತರು. ಬರಲಿಲ್ಲ. ಅವಳು ಲೋಟವನ್ನು ಅವರ ಕೈಗೆ ಕೊಡದೆ ಬಟ್ಟೆ ಮಡಿಸುವ ಹಲಗೆಯ ಮೇಲೆ ಇಟ್ಟಳು.

"ನಾನು ನಿಮಗೊಬ್ಬರಿಗೇ ಹೇಳಿದ್ದೆ" ಎಂದಳು.

ದನಿ ಒರಟಾಗಿತ್ತು. ಅಪ್ಪ ಮೆಲ್ಲಗೆ ತಿರುಗಿದ.

"ಬೇರೆ ಯಾರಿಗೂ ಹೇಳಿರಲಿಲ್ಲ. ನೀವು ಏನೂ ಕೇಳ್ತಿರಲಿಲ್ಲ ಅಂತ ಹೇಳಿದ್ದೆ. ನೀವು ಎಲ್ಲರಿಗೂ ಹೇಳಿದ್ರಿ. ಆಮೇಲೆ ನನ್ನ ಕೈಲೂ ಸುಳ್ಳು ಹೇಳಿಸಿದ್ರಿ." ಉಸಿರು ತೆಗೆದುಕೊಂಡಳು. "ಇನ್ಮೇಲೆ ಬರಬೇಡಿ ಸಾರ್. ನಿಮ್ಮನ್ನ ಕಂಡ್ರೆ ನನಗೆ ಮಾತಾಡೋಕೆ ಭಯ ಆಗುತ್ತೆ."

ಅಪ್ಪನಿಗೆ ಆ ಮಾತಿನ ಅರ್ಥ ಬೇಕಿರಲಿಲ್ಲ, ಮಾತು ಬೇಕಿತ್ತು. ಅವನು ಹಲಗೆ ಸುತ್ತಿಕೊಂಡು ಬಂದು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, "ಇನ್ನೂ ಬೈಯಮ್ಮ, ಬೈಯಿ" ಎಂದು ಗಳಗಳ ಅಳತೊಡಗಿದ. ಅವಳು ಅಳಲಿಲ್ಲ. ಅಪ್ಪನ ತೋಳಿನ ಸಂದಿಯಿಂದ ಮೇಷ್ಟ್ರನ್ನೇ ನೋಡುತ್ತಿದ್ದಳು, ಇನ್ನೂ ಯಾಕೆ ಇದ್ದೀರಿ ಎನ್ನುವ ಹಾಗೆ. ಮೇಷ್ಟ್ರು ಎದ್ದರು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದರು. ಅದಕ್ಕೂ ಅವಳು ಏನಾದರೂ ಉತ್ತರ ಕೊಡಬೇಕಾಗುತ್ತದೆ ಎನಿಸಿ ಬಾಯಿ ಮುಚ್ಚಿ ಚಪ್ಪಲಿ ಮೆಟ್ಟಿಕೊಂಡರು.

ಮಾರನೆಯ ದಿನ ದೊಡ್ಡ ಮೇಡಂ ಬಾಗಿಲಲ್ಲೇ ಹಿಡಿದರು.

"ಹೋಗಿದ್ರಾ? ಹೇಗಿದ್ದಾಳೆ ಹುಡುಗಿ?"

"ಗೊತ್ತಿಲ್ಲ ಮೇಡಂ."

"ಮಾತಾಡಿದ್ಲಾ ಇಲ್ವಾ?"

ಮಾತಾಡಿದಳು, ಪೂರ್ತಿ ಪೂರ್ತಿ ವಾಕ್ಯಗಳಲ್ಲಿ, ಎಂದು ಹೇಳುವುದು ಎಷ್ಟು ಸುಲಭವಿತ್ತು. ಅಷ್ಟು ಅಂದರೆ ಸಾಕು, ಸಂಜೆಯೊಳಗೆ ಅದು ಮೇಜು ಸುತ್ತಿ, ಅಂಗಿಗಳ ಜೊತೆ ಇಸ್ತ್ರಿ ಅಂಗಡಿ ತಲುಪಿ, ನಾಳೆ ಕ್ಯಾಮೆರಾ ಹಿಡಿದು ಅವಳ ಬಾಗಿಲಲ್ಲಿ ನಿಲ್ಲುತ್ತಿತ್ತು.

"ಗೊತ್ತಿಲ್ಲ ಮೇಡಂ" ಎಂದರು ಮತ್ತೆ. "ನನಗೆ ಇದು ಬರಲ್ಲ."

"ಅಧಿಕಾರಿಗಳ ಮುಂದೆ ನನ್ನ ಮರ್ಯಾದೆ ಏನಾಗಬೇಕು?" ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ಕೆಲಸ ನಂಬಿ ಕೊಟ್ರೆ ಹೀಗೆ."

ತರಬೇತಿ ಕೊಡುವ ಅವಕಾಶ ಆಸಿಡ್‌ಗೆ ಹೋಯಿತು. ಅವರಿಗೆ ಯಾವ ಅಳುಕೂ ಇರಲಿಲ್ಲ. ಬೇರೆ ಶಾಲೆಗಳಲ್ಲಿ ಅವರು ಮೈಕು ಹಿಡಿದು, ಮೂಕಿಯಂತಿದ್ದ ಹುಡುಗಿಯೊಬ್ಬಳನ್ನು ತಮ್ಮ ಶಾಲೆ ಮಾತಾಡಿಸಿದ ಕಥೆಯಿಂದಲೇ ಶುರುಮಾಡುತ್ತಾರೆಂದೂ, ಕಥೆ ಮುಗಿಯುವ ಹೊತ್ತಿಗೆ ಎಲ್ಲರ ಕೈಯೂ ಏಳುತ್ತದೆಂದೂ ಸುದ್ದಿ ಬರುತ್ತಿತ್ತು.

ತಿಂಗಳ ಕೊನೆಯಲ್ಲಿ ಇಸ್ತ್ರಿಯವನು ಮಗಳನ್ನು ಬೇರೆ ಶಾಲೆಗೆ ಸೇರಿಸಲು ವರ್ಗಾವಣೆ ಪತ್ರ ಕೇಳಿಕೊಂಡು ಬಂದ. ಅವನು ಆಫೀಸಿಗೆ ಹೋದ, ಹುಡುಗಿ ಮೈದಾನದ ಅಂಚಿನ ಮರದ ಕೆಳಗೆ ನಿಂತಳು. ಮೇಷ್ಟ್ರು ಲಾಂಗ್‌ಜಂಪಿನ ಗುಂಡಿಯಲ್ಲಿ ಮರಳು ಹರವುತ್ತಿದ್ದರು. ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಚೆನ್ನಾಗಿದ್ದೀನಿ ಬಂದಿದ್ದಾಳೆ, ಅಲ್ಲಿ ನೋಡಿ" ಎಂದಳು.

"ನೀನು ನಿನ್ನ ಓಟ ನೋಡ್ಕೋ" ಎಂದರು ಮೇಷ್ಟ್ರು.

ಮರಕ್ಕೆ ಬೆನ್ನು ತಿರುಗಿಸಿ ಅವರು ಮರಳು ಎಳೆಯುತ್ತಲೇ ಇದ್ದರು, ಸಮವಾಗಿದ್ದ ಜಾಗವನ್ನೇ ಮತ್ತೆ ಮತ್ತೆ ಸಮ ಮಾಡುತ್ತ, ಆಫೀಸಿನಿಂದ ಅಪ್ಪ ಬಂದು, ಅಪ್ಪ ಮಗಳು ಇಬ್ಬರೂ ಗೇಟು ದಾಟಿ ಹೋದರು ಎನ್ನಿಸುವವರೆಗೆ.